ನೋಡದೆ ಹಾಕಿದ ಸಹಿ

ಅಂಚೆ ಚೀಲಗಳನ್ನು ಒಂದು ಲಾರಿಯಿಂದ ಇನ್ನೊಂದಕ್ಕೆ ಸಾಗಿಸುವ ಆ ಶೆಡ್ಡು ಗುತ್ತಿಗೆದಾರನ ಕೈಯಲ್ಲಿತ್ತು. ಬಾಗಿಲಲ್ಲಿ ನಿಂತು ಪ್ರತಿ ಚೀಲದ ಪ್ಲಾಸ್ಟಿಕ್ ಸೀಲು ಪರೀಕ್ಷಿಸಿ, ಅದರ ಅಂಕಿಯನ್ನು ಪಟ್ಟಿಯೊಂದಿಗೆ ತಾಳೆ ನೋಡಿ, ‘ಸೀಲು ಸರಿಯಿದೆ’ ಎಂದು ಸಹಿ ಹಾಕುವುದು ಅವಳ ಕೆಲಸ. ಲಾರಿಗೆ ಹನ್ನೆರಡೇ ನಿಮಿಷ. ಚೀಲಗಳೋ ನೂರರ ಮೇಲೆ. ಹಾಗಾಗಿ ಬೆಳಿಗ್ಗೆಯೇ ದಿನದ ಹಾಳೆಗಳಿಗೆಲ್ಲ ಸಹಿ ಹಾಕಿಟ್ಟು, ಆಮೇಲೆ ಕಣ್ಣಿಗೆ ಬಿದ್ದಷ್ಟು ಸೀಲು ನೋಡುವುದು ಅಲ್ಲಿ ರೂಢಿಯಾಗಿತ್ತು.

ಸೋಮವಾರ ಮೂರನೇ ಲಾರಿಯ ಒಂದು ಚೀಲದ ಸೀಲನ್ನು ಯಾರೋ ಕತ್ತರಿಸಿ ಗೋಂದು ಹಚ್ಚಿ ಕೂಡಿಸಿದ್ದರು. ಒಳಗಿನ ನಾಲ್ಕು ರಿಜಿಸ್ಟರ್ ಲಕೋಟೆಗಳು ಮಾಯ. ಅದನ್ನು ಕಂಡು ಕೂಗಿದವನು ಚೀಲ ಬಿಚ್ಚುವ ಮೇಜಿನಲ್ಲಿದ್ದ ಅವಳ ಅಕ್ಕನ ಗಂಡ. ಆದರೆ ಚೀಲ ಸರಿಯಾಗಿಯೇ ಬಂತೆಂದು ಬಾಗಿಲ ಹಾಳೆ ಹೇಳುತ್ತಿತ್ತು. ಬಾಗಿಲು ದಾಟಿದ ಮೇಲೆ ಅದನ್ನು ಮುಟ್ಟಿದ್ದು ಭಾವನ ಕೈಯೊಂದೇ.

ಅವಳು ನೇರ ಮೇಲ್ವಿಚಾರಕನ ಕೋಣೆಗೆ ನಡೆದಳು. ಗಡಿಯಾರದಿಂದ ಕಣ್ಣು ಕೀಳದ ಅವನಿಗೆ ಎಲ್ಲರೂ ಇಟ್ಟ ಹೆಸರು ನಿಮಿಷಪ್ಪ.

“ಸಾರ್, ನಾನು ಸೀಲು ನೋಡ್ದೇನೇ ಸಹಿ ಹಾಕಿದ್ದೆ.”

“ಯಾವ ಹಾಳೆಗೆ?”

“ಎಲ್ಲದಕ್ಕೂ. ಬೆಳಿಗ್ಗೆ ಕಟ್ಟು ತಂದು ‘ಬೇಗ ಹಾಕಮ್ಮ’ ಅನ್ನೋರು ನೀವೇ ಅಲ್ವಾ?”

ನಿಮಿಷಪ್ಪ ಎದ್ದು ಬಾಗಿಲು ಮುಚ್ಚಿದ. “ಈ ಹಾಳೆ ಸುಳ್ಳು ಅಂದ್ರೆ ಮೂರು ವರ್ಷದ ಹಾಳೆ ಎಲ್ಲಾ ಸುಳ್ಳು. ಗುತ್ತಿಗೆ ಹೋಗತ್ತೆ, ನಲವತ್ತು ಮನೆ ಒಲೆ ಆರತ್ತೆ.”

“ಹಾಗಂತ ಕದೀದೇ ಇರೋನ ತಲೆಗೆ ಕಟ್ತೀರಾ?”

“ಕದ್ದ ಅಂತ ನಾನೆಲ್ಲಿ ಅಂದೆ? ಹಾಳೆ ಅನ್ನತ್ತೆ. ಅದು ಆಗಲೇ ಮೇಲಿನೋರಿಗೆ ಹೋಗಾಯ್ತು.”

ಅವಳು ಬರೆದುಕೊಟ್ಟ ಹೇಳಿಕೆಯನ್ನು ಅವನು ಓದಿದ. ಮಡಿಸಿ ಅವಳ ಕೈಗೇ ಹಿಂದಿರುಗಿಸಿದ.

ಗೇಟಿನಲ್ಲಿ ಕಾವಲುಗಾರ ಭಾವನ ಬುತ್ತಿಡಬ್ಬಿಯನ್ನೂ ತೆರೆಸಿ ನೋಡುತ್ತಿದ್ದ. “ಅನ್ನದ ಅಗುಳನ್ನೂ ಎಣಿಸ್ಕೊಳ್ಳಪ್ಪ,” ಎಂದ ಭಾವ. ನಗಲು ಹೋದ ಮುಖ ಅರ್ಧಕ್ಕೇ ನಿಂತಿತು.

“ಹೇಳ್ದೆ ಭಾವ. ಕಿವಿಗೇ ಹಾಕ್ಕೊಳ್ಳಲಿಲ್ಲ.”

“ಗೊತ್ತಿತ್ತು ಬಿಡು. ಸಹಿ ನಿಂದು ಅಂತ ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ. ನನ್ನ ಕೆಲಸ ಹೋಗಿದ್ದು ಸಾಕು. ಅವಳಿಗೆ ತಂಗೀನೂ ಹೋಗೋದು ಬೇಡ.”

ಇಲ್ಲ, ನಾನೇ ಹೇಳ್ತೀನಿ ಎನ್ನಲು ಅವಳು ಬಾಯಿ ತೆರೆದಳು. ಹಿಂದೆ ನಾಲ್ಕನೇ ಲಾರಿಯವನು ಹಾರ್ನ್ ಒತ್ತಿ ಹಿಡಿದಿದ್ದ. ಅದು ನಿಲ್ಲುವಷ್ಟರಲ್ಲಿ ಭಾವ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ರಸ್ತೆ ದಾಟಿಯಾಗಿತ್ತು.