ಅಕ್ಕ ಅರ್ಧಕ್ಕೆ ಬಿಟ್ಟ ಹುರಿ

ಬಿಗಿ ಆಯ್ತು ಚಿಕ್ಕಮ್ಮ, ಉಸಿರೇ ಆಡ್ತಿಲ್ಲ ಅಂತ ಚಿಗುಸ ಗೊಣಗುತ್ತಾಳೆ, ಗೊಣಗಲಿ, ಇಪ್ಪತ್ತು ತುಂಬಿದವರ ಹಬ್ಬದ ದಿನ ಹುರಿ ಹೆಣಿಗೆಗೆ ಹೆಸರಾದ ಇಗಾ ಊರಿನ ಹುಡುಗಿ ಕಿಮೊನೊ ಸೊಂಟಕ್ಕೆ ಸುತ್ತುವ ಓಬಿ ಪಟ್ಟಿ ಜೋತಾಡಿಸಿಕೊಂಡು ಹೋಗುವುದುಂಟೇ, ಇನ್ನು ಅದರ ಮೇಲೆ ಕಟ್ಟುವ ಹುರಿಯೊಂದೇ ಬಾಕಿ — ನೇರಳೆ ರೇಷ್ಮೆಯ ಚಪ್ಪಟೆ ಹುರಿ, ಚಿಕ್ಕಮ್ಮ ಶಿಗೆನೊಳ ಅಂಗೈಯಲ್ಲಿ ಬೆಚ್ಚಗಿದೆ — ಅರ್ಧ ಅಕ್ಕ ಕಿನುಯೊ ಹೆಣೆದದ್ದು, ಅರ್ಧ ತಾನು, ನಟ್ಟನಡುವೆ ಆ ಜಾಗ, ಬೆರಳಗಲವೂ ಇಲ್ಲ, ಬಿಗಿ ಹೆಣಿಗೆ ಮುಗಿದು ಸಡಿಲ ಹೆಣಿಗೆ ಶುರುವಾಗುವ ಜಾಗ. ಮಗಳ ಹಬ್ಬಕ್ಕೆಂದೇ ಹೆಣೆಯುತ್ತಿದ್ದಳು ಅಕ್ಕ, ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಆ ಮಧ್ಯಾಹ್ನದವರೆಗೆ, ನೂಲು ಸುತ್ತಿದ ಮರದ ಗುಂಡುಗಳು ಹುರಿ ಹೆಣೆಯುವ ಪೀಠದ ಸುತ್ತ ನೇತಾಡುತ್ತಲೇ ಉಳಿದವು — ನನ್ನ ಪೀಠ ಯಾರೂ ಮುಟ್ಟಬೇಡಿ, ನಿನಗೇ ಹೇಳ್ತಿರೋದು ಶಿಗೆನೊ, ನಿಂದು ಗಂಜಿ ಕಲಸೋ ಕೈ, ಅಂದಳು ಅಕ್ಕ — ಆಮೇಲೆ ಪೀಠವಿದ್ದ ಆ ಕೋಣೆಯ ಕಡೆ ತಲೆಯನ್ನೂ ಹಾಕಲಿಲ್ಲ, ಆದರೂ ಮುಟ್ಟಿದಳಲ್ಲ ಶಿಗೆನೊ, ಅಕ್ಕ ಆಸ್ಪತ್ರೆಗೆ ಹೋದ ಬೆಳಗುಗಳಲ್ಲಿ ಕಳ್ಳಿಯ ಹಾಗೆ ಕೂತು, ಕಟ ಕಟ, ಗುಂಡಿಗೆ ಗುಂಡು ತಾಗಿದರೂ ಎದೆ ಧಸಕ್ಕೆನ್ನುತ್ತಿತ್ತು, ಅಂಗಡಿಯಿಂದ ತಂದ ಹುರಿ ಅಂದುಕೊಂಡಿದ್ದಾಳೆ ಅಕ್ಕ, ಹಾಗೇ ಅಂದುಕೊಳ್ಳಲಿ ದೇವರೇ, ಗೊತ್ತಾದರೆ ಈ ಜನ್ಮದಲ್ಲಿ ಮಾತಾಡಿಸಳು. ಅದಕ್ಕೇ ಈ ಬಿಲ್ಲೆ, ಅಮ್ಮನ ಕಾಲದ ಬೆಳ್ಳಿ ಹೂವು, ಹುರಿಗೆ ಪೋಣಿಸಿ ಆ ಜಾಗದ ಮೇಲೆ ಕೂರಿಸಿ, ಗಂಟು ಬೆನ್ನಿಗೆ, ಹೂವು ಮುಂದಕ್ಕೆ, ಆಯಿತು, ಮುಚ್ಚಿತು — ಗಾಲಿಕುರ್ಚಿಯ ಸದ್ದು, ಬಂದೇಬಿಟ್ಟಳು ಅಕ್ಕ, ಎಷ್ಟು ಚೆಂದ ಕಾಣ್ತೀಯೇ ನನ್ನ ಕೂಸೇ ಅನ್ನುತ್ತಿದ್ದಾಳೆ, ಈ ಹುಡುಗಿ ಏನು ಮಾಡುತ್ತಿದ್ದಾಳೆ, ಹೆಬ್ಬೆರಳಿಂದ ಹೂವನ್ನು ಪಕ್ಕಕ್ಕೆ ಸರಿಸುತ್ತಿದ್ದಾಳೆ, ಬೇಡ ಚಿಗುಸ, ಬೇಡವೇ — ಅಮ್ಮ, ಇದು ನಿನ್ನ ಹುರಿನೇ, ಚಿಕ್ಕಮ್ಮ ಮುಗಿಸಿದಾಳೆ, ನೀನು ಆಸ್ಪತ್ರೆಗೆ ಹೋದಾಗೆಲ್ಲ ಬೆಳಿಗ್ಗೆ ಸದ್ದು ಕೇಳಿಸ್ಕೊಂಡು ಹಾಸಿಗೆಯಲ್ಲೇ ಸುಮ್ನೆ ಬಿದ್ದಿರ್ತಿದ್ದೆ.

ಅಕ್ಕ ಎಡಗೈ ಚಾಚುತ್ತಾಳೆ, ತನ್ನ ಹೆಣಿಗೆಯ ಮೇಲಿಂದ ಮೆಲ್ಲಗೆ ಜಾರಿ ಬಂದ ಹೆಬ್ಬೆರಳು ಆ ಜಾಗದಲ್ಲಿ ನಿಲ್ಲುತ್ತದೆ — ಥೂ, ಎಷ್ಟು ಸಡಿಲ ಕಣೇ — ಹೌದಕ್ಕ — ಎಳೆ ಎಳೆಯೋದು ಬೆರಳಿಂದ ಅಲ್ವೇ, ಮೊಣಕೈಯಿಂದ, ಎಷ್ಟು ಸಲ ಬಾಯಿ ಬಡ್ಕೊಂಡಿಲ್ಲ — ಹೌದಕ್ಕ — ನಾಳೆ ಪೀಠಕ್ಕೆ ಹೊಸ ನೂಲು ಹಾಕು, ಪಕ್ಕದಲ್ಲೇ ಕೂತು ನೋಡ್ತೀನಿ, ಹೇಗೆ ತಪ್ಪು ಮಾಡ್ತೀಯೋ ನೋಡೇಬಿಡ್ತೀನಿ — ನಾಳೆ, ಆ ಕೋಣೆಯಲ್ಲಿ, ಅಕ್ಕ, ಎಷ್ಟು ಖುಷಿಯಾಗುತ್ತಿದೆ, ಅಳು ಯಾಕೆ ಬರುತ್ತಿದೆ, ಹೂವನ್ನು ಮತ್ತೆ ಅದರ ಜಾಗಕ್ಕೆ ತರಬೇಕು, ತಡವಾಗುತ್ತಿದೆ, ತರೋಣವೆಂದರೆ ಅಕ್ಕ ಬೆರಳು ತೆಗೆಯುತ್ತಿಲ್ಲ, ಆ ಜಾಗ, ಬೆರಳಗಲವೂ ಇಲ್ಲ, ಅದರ ಮೇಲೆ ಅಕ್ಕನ ಹೆಬ್ಬೆರಳು.