ಬಿಡಬೇಕಾಗಬಹುದು

“ಡಾಕ್ಟರು ಖರೇನ ಏನಂದ್ರು? ‘ಮೇ ಹ್ಯಾವ್ ಟು’ ಅಂದ್ರೋ, ‘ವಿಲ್ ಹ್ಯಾವ್ ಟು’ ಅಂದ್ರೋ?”

ಭಾಗ್ಯಶ್ರೀ ರೊಟ್ಟಿಯ ಹಂಚಿನಿಂದ ಕಣ್ಣು ತೆಗೆಯದೆ ಕೇಳಿದಳು. ಗಂಡ ಬಸು ಆಗಷ್ಟೇ ಕಣ್ಣಿನ ಆಸ್ಪತ್ರೆಯಿಂದ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಗಾಡಿ ಓಡಿಸುವುದನ್ನು ಬಿಡಬೇಕಾಗಬಹುದಂತೆ ಎಂದಿದ್ದ. ಇವತ್ತು ಹಾಲಿನವನು ಬಂದಿಲ್ಲ ಅನ್ನುವಷ್ಟು ಹಗುರವಾಗಿ ಹೇಳಿದ್ದ.

“ಮೇ ಅಂದ್ರು. ನಿನ್ನ ಸಾಲಿ ಗ್ರಾಮರ್ ಮನಿಯಾಗ ತರಬ್ಯಾಡ.”

“ಎರಡಕ್ಕೂ ಭಾಳ ಫರಕ್ ಐತ್ರಿ. ಅದಕ್ಕ ಕೇಳಿದೆ.”

“ಮೇ ಅಂದ್ರು ಅಂದೆನಲ್ಲ,” ಎಂದವನೇ ಬಸು ಕೈಕಾಲು ತೊಳೆಯಲು ಹಿಂದಕ್ಕೆ ಹೋದ.

ಅವನು ಗೂಡ್ಸ್ ರೈಲಿನ ಚಾಲಕ. ಶಹಾಬಾದಿನ ಕಡೆಯವನು, ಕೆಲಸ ಸಿಕ್ಕ ಮೇಲೆ ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯಲ್ಲೇ ಮನೆ ಮಾಡಿ ನೆಲೆನಿಂತಿದ್ದ. ಕಳೆದ ಬೇಸಿಗೆಯಿಂದ ಅವನ ಕಣ್ಣಿಗೆ ನೆಟ್ಟಗಿನ ಗೆರೆಗಳು ನಡುವೆ ಡೊಂಕಾಗಿ ಕಾಣತೊಡಗಿದ್ದವು. ಮೊದಲು ಬಾಗಿಲ ಚೌಕಟ್ಟು, ಆಮೇಲೆ ಕರೆಂಟಿನ ಕಂಬ, ಕಡೆಗೆ ಹಳಿ. ರೈಲ್ವೆ ಆಸ್ಪತ್ರೆಗೆ ಹೋದರೆ ವಿಷಯ ಮೇಲಿನವರಿಗೆ ಮುಟ್ಟುತ್ತದೆಂದು ಹೊರಗಿನ ಡಾಕ್ಟರ ಬಳಿ ತೋರಿಸಿದ್ದ. ಇಲಾಖೆಯ ಕಣ್ಣಿನ ಪರೀಕ್ಷೆ ಬರುವುದಕ್ಕೆ ಇನ್ನೂ ಕಾಲವಿತ್ತು.

ಆ ವಾರ ಭಾಗ್ಯಶ್ರೀ ಒಂಬತ್ತನೇ ತರಗತಿಗೆ ಅದೇ ಪಾಠ ಮಾಡುತ್ತಿದ್ದಳು. ಮುಂದೆ ಮಾಡಬೇಕಾಗಿ ಬರುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಅನ್ನುವ ಪಾಠ. ‘ನಾವು ಕಾಯಬೇಕಾಗಬಹುದು’, ‘ನಾವು ಕಾಯಬೇಕಾಗುತ್ತದೆ’ ಅನ್ನುವುದಕ್ಕೆ ಇಂಗ್ಲಿಷಿನ ಎರಡು ವಾಕ್ಯಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ತೆಲುಗಿನಲ್ಲಿ ಒಂದು “ರಾವಚ್ಚು” (ಬರಬಹುದು), ಇನ್ನೊಂದು “ವಸ್ತುಂದಿ” (ಬರುತ್ತದೆ) ಎಂದು ಬಿಡಿಸಿ ಹೇಳಿದಳು. ಹಿಂದಿನ ಬೆಂಚಿನ ಭಕ್ತಿ ಎದ್ದು ನಿಂತಳು.

“ಮೇಡಂ, ‘ಮೇ’ ಅಂದ್ರೆ ಮಾಡದಿದ್ರೂ ನಡೆಯುತ್ತೆ ಅಂತಾನಾ?”

“ಇಲ್ಲಮ್ಮಾ. ಮಾಡೋದು ಬಿಡೋದು ನಿನ್ನ ಇಷ್ಟ ಅಂತಲ್ಲ. ಹೇಳುವವರಿಗೇ ಇನ್ನೂ ಖಾತ್ರಿ ಇಲ್ಲ ಅಂತ. ಖಾತ್ರಿ ಆದಮೇಲೆ ‘ವಿಲ್’ ಅಂತಾರೆ.”

ಹೇಳಿದ ಮೇಲೆ ಆ ಮಾತು ಅವಳ ತಲೆಯಲ್ಲೇ ಉಳಿಯಿತು. ಯಂತ್ರಕ್ಕೆ ಗಲ್ಲ ಒತ್ತಿಸಿ, ಕಣ್ಣಿನ ಒಳಗನ್ನೆಲ್ಲ ಫೋಟೋ ತೆಗೆದು ನೋಡಿದ ಡಾಕ್ಟರಿಗೆ ಖಾತ್ರಿ ಇರುವುದಿಲ್ಲವೇ?

ಮನೆಯಲ್ಲಿ ಬಸು ಎಂದಿನಂತೆ ಇದ್ದ. ಆದರೆ ಡ್ಯೂಟಿಗೆ ಹೊರಡುವ ಮುಂಚೆ ಗೋಡೆಯ ಕ್ಯಾಲೆಂಡರಿನ ಎದುರು ನಿಂತು, ಒಮ್ಮೆ ಒಂದು ಕಣ್ಣನ್ನು, ಒಮ್ಮೆ ಇನ್ನೊಂದನ್ನು ಅಂಗೈಯಿಂದ ಮುಚ್ಚಿ ನೋಡುತ್ತಿದ್ದ. ಅವಳು ಬಂದದ್ದು ಗೊತ್ತಾದರೆ ಹಣೆ ಒರೆಸಿಕೊಂಡವನಂತೆ ಕೈ ಇಳಿಸುತ್ತಿದ್ದ.

ಮತ್ತೆ ತೋರಿಸುವ ದಿನ ಅವಳು ಶಾಲೆಗೆ ರಜೆ ಹಾಕಿ ಜೊತೆಗೆ ಹೊರಟಳು. ಅವನು ಬೇಡವೆನ್ನಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಂಪ್ಯೂಟರಿನ ಪರದೆಯನ್ನು ಇವರಿಬ್ಬರ ಕಡೆ ತಿರುಗಿಸಿ, ಎರಡೂ ಕಣ್ಣಿನ ನಟ್ಟನಡುವೆ ಬಾವು ಇರುವುದನ್ನು ಪೆನ್ನಿನ ತುದಿಯಿಂದ ತೋರಿಸಿದರು. ಇಂಜೆಕ್ಷನ್ನಿನಿಂದ ಇದ್ದಷ್ಟು ದೃಷ್ಟಿ ಉಳಿಸಬಹುದು, ಹೋದದ್ದು ಪೂರ್ತಿ ಬರುವುದಿಲ್ಲ ಎಂದರು. ಆಮೇಲೆ ಬಸುವಿನ ಮುಖ ನೋಡಿ, “ಹೋದ ಸಲವೇ ಹೇಳಿದ್ದೆನಲ್ಲ ಸರ್. ಯು ವಿಲ್ ಹ್ಯಾವ್ ಟು ಸ್ಟಾಪ್ ಡ್ರೈವಿಂಗ್. ಆಫೀಸಿಗೆ ತಿಳಿಸಿದಿರಾ?” ಎಂದು ಕೇಳಿದರು.

ಬಸು ತಲೆಯಾಡಿಸಿದ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ.

ಆಟೋ ಇಳಿದವರು ಮನೆಗೆ ಹೋಗದೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತರು. ಬಿಸಿಲು ಪ್ಲಾಟ್‌ಫಾರಂ ಅರ್ಧಕ್ಕೆ ಬಂದಿತ್ತು. ಬಸುವೇ ಮಾತು ಶುರುಮಾಡಿದ.

“ಅವ್ರು ವಿಲ್ ಅಂತನ ಅಂದಿದ್ರು. ನಾ ಮನಿಗೆ ಬರೂದ್ರಾಗ ಅದು ಮೇ ಆಗಿತ್ತು. ನಿನಗ ಸುಳ್ಳ ಹೇಳಬೇಕಂತ ಹೇಳಿಲ್ಲ, ಭಾಗ್ಯಾ. ದಾರಿ ತುಂಬ ನನಗ ನಾನ ಹಂಗ ಹೇಳಿಕೋತ ಬಂದೆ.”

“ನಾಳಿ ಡ್ಯೂಟಿ ಐತಿ?”

“ಐತಿ.”

“ಹೋಗ್ತೀರಿ?”

ಅವನು ಹಳಿಯ ಕಡೆ ನೋಡುತ್ತಿದ್ದ. “ಸಿಗ್ನಲ್ ಬಂದಾಗ ನಾವಿಬ್ರೂ ಕೂಗಿ ಹೇಳಬೇಕು. ನಾ ಒಬ್ಬ, ಬಾಜೂಕ ಅಸಿಸ್ಟಂಟ್ ಒಬ್ಬ. ಇಬ್ರೂ ಬ್ಯಾರೆ ಬ್ಯಾರೆ ನೋಡಿ ಹೇಳಬೇಕು. ಮೊನ್ನೆ ಕಾಜೀಪೇಟದಿಂದ ಬರಾಗ ರವಿಕಿರಣ ‘ಯೆಲ್ಲೋ’ ಅಂದ. ನಾನೂ ‘ಯೆಲ್ಲೋ’ ಅಂದೆ. ನಾ ನೋಡಿರಲಿಲ್ಲ. ಅವ ಅಂದದ್ದ ಅಂದೆ. ಅವ ತಪ್ಪ ನೋಡಿದ್ರ?”

ಭಾಗ್ಯಶ್ರೀ ಬೈಯಬೇಕೆಂದು ಬಾಯಿ ತೆರೆದಳು. ಅವನ ಮುಖ ನೋಡಿ ಆಗಲಿಲ್ಲ.

“ನೀವು ಹೇಳಾಕ ಬೇಕ್ರಿ,” ಅಂದಳು. “ಲಾಬಿಗೆ ಹೋಗಿ ನಿಮ್ಮ ಬಾಯಲೆ ಹೇಳಾಕ ಬೇಕು.”

“ಹೇಳಿದ್ರ ಮುಂದ ಇಂಜಿನ್ ಹತ್ತೂದಿಲ್ಲ ನಾ.”

“ಹೌದು,” ಅಂದಳು.

ಮರುದಿನ ಅವನು ಯೂನಿಫಾರ್ಮ್ ಹಾಕದೆ, ಮಾಮೂಲಿ ಅಂಗಿಯಲ್ಲಿ ಸಿಕಂದರಾಬಾದಿಗೆ ಹೋದ. ಚಾಲಕರು ಡ್ಯೂಟಿಗೆ ಹಾಜರಿ ಕೊಡುವ ಲಾಬಿಯಲ್ಲಿ ಸೂಪರ್‌ವೈಸರಿಗೆ ಎಲ್ಲವನ್ನೂ ಹೇಳಿದ. ಮುಂಚೆಯೇ ಯಾಕೆ ಹೇಳಲಿಲ್ಲವೆಂದು ಅವರು ಎಲ್ಲರೆದುರು ಗದರಿದರು. ಆಮೇಲೆ ಕುರ್ಚಿ ಎಳೆದು ಕೂರಿಸಿ ಚಹಾ ತರಿಸಿದರು. ರೈಲ್ವೆ ಆಸ್ಪತ್ರೆಯವರು ಪರೀಕ್ಷೆ ಮಾಡಿ, ಇವನು ಇನ್ನು ರೈಲು ನಡೆಸುವಂತಿಲ್ಲ ಎಂದರು. ಮುಚ್ಚಿಟ್ಟದ್ದಕ್ಕೆ ವಿಚಾರಣೆ ನಡೆದು, ಎಚ್ಚರಿಕೆ ಕೊಟ್ಟು ಬಿಟ್ಟರು. ಚಿಕಿತ್ಸೆ ಮುಗಿದ ಮೇಲೆ ಆಫೀಸಿನಲ್ಲಿ ಕೂರುವ ಕೆಲಸವೆಂದು ಗೊತ್ತಾಯಿತು.

ಅದರ ನಡುವೆ ಒಂದು ಸಂಜೆ ರವಿಕಿರಣ ಮನೆಗೆ ಬಂದ. ಮೂವತ್ತರ ಆಸುಪಾಸಿನವನು. ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ “ವದಿನಾ, ಚಾಯ್” ಎಂದು ಅತ್ತಿಗೆಯನ್ನು ಕರೆದಂತೆ ಕೂಗುತ್ತಿದ್ದವನು ಅವತ್ತು ಬಾಗಿಲಲ್ಲೇ ನಿಂತ.

“ಸರ್, ಆವತ್ತು ಕಾಜೀಪೇಟ್ ಟ್ರಿಪ್ಪಿನಲ್ಲಿ ನೀವು ಸಿಗ್ನಲ್ ನೋಡಿರಲಿಲ್ಲವಾ?” ತೆಲುಗಿನಲ್ಲಿ ಕೇಳಿದ.

“ಇಲ್ಲ.”

“ನಾನು ಹೇಳಿದ್ದನ್ನೇ ಹೇಳಿದಿರಾ?”

“ಹೌದು. ತಪ್ಪು ಮಾಡಿದೆ ರವೀ.”

ರವಿಕಿರಣ ಗೋಡೆ ನೋಡುತ್ತಾ ನಿಂತ. “ನಾನೇನಾದರೂ ತಪ್ಪಿದರೆ ನೀವಿದ್ದೀರಿ ಅಂದುಕೊಂಡು ಕೂತಿರುತ್ತಿದ್ದೆ ಸರ್,” ಎಂದ. ಭಾಗ್ಯಶ್ರೀ ತಂದ ನೀರು ಕುಡಿದು, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಚಹಾ ಕೇಳದೆ ಹೋದ. ಬಸು ಅವನ ಬೈಕಿನ ಸದ್ದು ಓಣಿ ದಾಟುವ ತನಕ ಬಾಗಿಲ ಹತ್ತಿರವೇ ಇದ್ದ.

ಆಫೀಸಿನ ಕೆಲಸ ಶುರುವಾಗಿ ಮೊದಲ ಭಾನುವಾರ. ಇಷ್ಟು ವರ್ಷಗಳಲ್ಲಿ ಬಸು ಭಾನುವಾರವೆಂದು ಮನೆಯಲ್ಲಿದ್ದದ್ದೇ ಕಡಿಮೆ. ಇದ್ದರೂ ಡ್ಯೂಟಿಯ ಕರೆ ಯಾವಾಗ ಬರುತ್ತದೋ ಎಂದು ಕಿವಿ ಫೋನಿನ ಕಡೆಗೆ ಇರುತ್ತಿತ್ತು. ಊಟ ಮುಗಿಸಿ ಚಾಪೆ ಹಾಸಿ ಮಲಗಿದವನಿಗೆ ಕೂಡಲೇ ನಿದ್ದೆ ಹತ್ತಿತು. ಭಾಗ್ಯಶ್ರೀ ಪಾತ್ರೆ ತೊಳೆದು, ಲೋಟಗಳನ್ನು ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕುತ್ತಿದ್ದಾಗ ಮನೆಯ ಹಿಂದಿನ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಬಂತು. ಉದ್ದನೆಯ ಗಾಡಿ. ನೆಲ ಅದುರಿತು, ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡತೊಡಗಿದವು.

ಅವಳು ಹೊರಳಿ ನೋಡಿದಳು. ಬಸು ಮಗ್ಗುಲು ಬದಲಿಸದೆ ಮಲಗಿದ್ದ. ಭಾಗ್ಯಶ್ರೀ ಎರಡೂ ಒದ್ದೆ ಕೈಗಳನ್ನು ಲೋಟಗಳ ಮೇಲಿಟ್ಟು, ಗಾಡಿ ಪೂರ್ತಿ ದಾಟುವ ತನಕ ಹಾಗೇ ಹಿಡಿದುಕೊಂಡು ನಿಂತಳು.