ಕಲ್ಲುಹೂವಿನ ಮುಂದೆ ಮಲಗಿದವಳು

ಈ ಕಥೆಯನ್ನು ನಾನು ಇಬ್ಬರ ಬಾಯಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಒಬ್ಬಾಕೆ ಕಥೆಯ ನಾಯಕಿಯ ಒಡಹುಟ್ಟಿದ ಅಕ್ಕ. ಇನ್ನೊಬ್ಬ ಅವರ ಬೀದಿಯ ಬೇಕರಿಯವನು. ಇಬ್ಬರೂ ಕಥೆ ನಡೆದ ಬೆಟ್ಟದ ಚಾರಣಕ್ಕೆ ಹೋಗಿದ್ದವರು. ಇಬ್ಬರು ಹೇಳುವ ಪಾಠಗಳೂ ಬಹುಮಟ್ಟಿಗೆ ಒಂದೇ. ಭಿನ್ನವಾಗುವ ಎಡೆಯನ್ನು ಅಲ್ಲಿಯೇ ಸೂಚಿಸುತ್ತೇನೆ.

ನಾಯಕಿ ಗಡಿಯಾರ ರಿಪೇರಿ ಮಾಡುವವಳು. ಬಸ್ ನಿಲ್ದಾಣದೆದುರು ಅವಳ ಅಂಗಡಿ. ಒಬ್ಬರು ಕುಳಿತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ಇಕ್ಕಟ್ಟು. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಲ್ಲುಚಕ್ರಗಳ ಕೊಳೆ ತೆಗೆಯುತ್ತಿದ್ದಳು. ರಜೆ ಬಂತೆಂದರೆ ಅದೇ ಕನ್ನಡಿಗೆ ದಾರ ಕಟ್ಟಿ, ಕೊರಳಿಗೆ ಹಾಕಿಕೊಂಡು ಬೆಟ್ಟ ಹತ್ತುತ್ತಿದ್ದಳು. ಬಂಡೆಗಳ ಮೇಲಿನ ಕಲ್ಲುಹೂವನ್ನು ನೋಡುವುದು ಅವಳ ಹುಚ್ಚು. ಬರಿಗಣ್ಣಿಗೆ ಸುಣ್ಣದ ಕಲೆಯಂತೆ ತೋರುವುದು ಕನ್ನಡಿಯಡಿ ಪುಟ್ಟ ಬಟ್ಟಲುಗಳ ಸಂತೆಯಾಗುತ್ತಿತ್ತು. ಅಂಚು ಮಡಿಸಿದ ಬಟ್ಟಲು, ಕಪ್ಪು ತಳದ ಬಟ್ಟಲು, ಹಿಟ್ಟು ಉದುರಿಸಿದಂಥ ಬಟ್ಟಲು. ಒಮ್ಮೆ ಅದರ ಮುಂದೆ ಬೋರಲು ಮಲಗಿದಳೆಂದರೆ ಜಪ್ಪಯ್ಯ ಎಂದರೂ ಏಳುವವಳಲ್ಲ.

ಆ ಸೀಮೆಯಲ್ಲೇ ಎತ್ತರದ ಬೆಟ್ಟದ ನೆತ್ತಿಯಲ್ಲಿ, ಗಾಳಿ ಬಡಿಯುವ ಮಗ್ಗುಲಿನ ಬಂಡೆಗಳ ಮೇಲೆ, ಕಿತ್ತಳೆ ಬಣ್ಣದ ಕಲ್ಲುಹೂವಿದೆಯೆಂದು ಅವಳು ಕೇಳಿದ್ದಳು. ಅರಣ್ಯದವರು ಅಲ್ಲಿಗೆ ಒಂಟಿಯಾಗಿ ಯಾರನ್ನೂ ಬಿಡುತ್ತಿರಲಿಲ್ಲ. ಮುಖಂಡನಿರುವ ತಂಡದೊಡನೆ ಮಾತ್ರ ಪ್ರವೇಶ. ಅವಳಿಗೆ ಸಿಕ್ಕ ನಾಲ್ವರ ತಂಡಕ್ಕೆ ಮುಖಂಡ ಅಕ್ಕನ ಗಂಡ, ನಿವೃತ್ತ ಡ್ರಿಲ್ ಮೇಷ್ಟ್ರು. ಸೀಟಿಯಿಲ್ಲದೆ ಆತ ಮನೆಯ ಹೊಸಿಲನ್ನೂ ದಾಟಿದವನಲ್ಲ.

ಮೊದಲ ದಿನ ಬೆಳಿಗ್ಗೆಯೇ ಆಕೆ ಒಂದು ಬಂಡೆಯ ಬಳಿ ಕುಳಿತು ಹಿಂದುಳಿದಳು.

"ಊರಿಗೆಲ್ಲ ಹೊತ್ತು ಸರಿ ಮಾಡಿಕೊಡೋಳು ನೀನು. ನಿನಗೇ ಹೊತ್ತಿನ ಪರಿವೆ ಇಲ್ವಲ್ಲ," ಎಂದರು ಮೇಷ್ಟ್ರು.

"ಭಾವ, ಈ ಅಂಗೈಯಗಲದ ಹೂವು ನಿಮ್ಮ ಅಜ್ಜನ ಕಾಲದಿಂದ ಇಲ್ಲೇ ಕೂತಿದೆ. ನಾನು ಒಂದು ಗಳಿಗೆ ಕೂತ್ರೆ ನಿಮಗೇನು ಕಷ್ಟ?"

ಬೇಕರಿಯವನು ನಕ್ಕ. ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಅಲ್ಲೇ ಒಂದು ಕಾನೂನು ಮಾಡಿದರು: ತಂಗುವಲ್ಲಿಗೆ ಕೊನೆಗೆ ಬಂದವರು ಮುಂದಿನ ಹಾದಿಯಲ್ಲಿ ಅಡುಗೆಯ ಪಾತ್ರೆ ಹೊರಬೇಕು. ಒಲೆ, ದಿನಸಿ, ಬೆಂಕಿಪೆಟ್ಟಿಗೆ ಎಲ್ಲವೂ ಆ ಪಾತ್ರೆಯೊಳಗೇ ಇದ್ದವು. ಭಾರ ಬಿದ್ದರೆ ಬುದ್ಧಿ ಬಂದೀತು ಎಂಬುದು ಅವರ ಲೆಕ್ಕ. ಮಧ್ಯಾಹ್ನದ ತಂಗುದಾಣಕ್ಕೆ ಕೊನೆಗೆ ಬಂದವಳು ಯಾರೆಂದು ಹೇಳಬೇಕಾಗಿಲ್ಲ. ಅವಳು ಪಾತ್ರೆ ಹೊತ್ತಳು.

ಹಗುರವಾದ ಬೆನ್ನಿನ ಮೂವರೂ ಸರಸರನೆ ಹತ್ತಿ, ಬಿಸಿಲಿರುವಾಗಲೇ ರಾತ್ರಿಯ ಬಿಡಾರದ ಬಯಲು ಮುಟ್ಟಿದರು. ಮೇಷ್ಟ್ರು ಬೀಗಿದರು. ಬಳಿಕ ಹಸಿವಾಯಿತು. ಹೊಟ್ಟೆ ತಾಳ ಹಾಕತೊಡಗಿದ ಮೇಲೆಯೇ, ಊಟವು ಹಿಂದೆ ಉಳಿದವಳ ಬೆನ್ನ ಮೇಲಿದೆಯೆಂಬುದು ಮೂವರಿಗೂ ಹೊಳೆದದ್ದು.

"ನಿಮ್ಮ ಕಾನೂನನ್ನೇ ಬೇಯಿಸ್ಕೊಂಡು ತಿನ್ನೋಣ್ವಾ?" ಎಂದಳು ಅಕ್ಕ.

ಸೀಟಿ ಊದಿ ಊದಿ ಮೇಷ್ಟ್ರ ಕೆನ್ನೆ ನೋಯಿತು. ಕೊನೆಗೆ ಹತ್ತಿದ್ದನ್ನೆಲ್ಲ ಇಳಿದರು. ಹಾದಿಯ ತಿರುವಿನಲ್ಲಿ ಆಕೆ ಬಂಡೆಗೆ ಮುಖವೊಡ್ಡಿ ಬೋರಲು ಮಲಗಿದ್ದಳು, ಪಾತ್ರೆ ಪಕ್ಕದಲ್ಲಿತ್ತು.

"ಏಳು ಮೇಲೆ."

"ಇದೊಂದು ಮುಗೀಲಿ ಭಾವ."

"ನಾಳೆ ನೆತ್ತಿಗೆ ಬರ್ಬೇಕಂದ್ರೆ ಆ ಕನ್ನಡಿ ಈಗ ನನ್ನ ಕೈಗೆ ಕೊಡು. ಇಲ್ಲಾಂದ್ರೆ ಬೆಳಿಗ್ಗೆ ಕೆಳಗಿಳಿ."

ಆಕೆ ಎದ್ದು ಕುಳಿತಳು. ಆ ನೆತ್ತಿಗಾಗಿ ಅವಳು ಎಷ್ಟು ರಜೆಗಳನ್ನು ಕಾದಿದ್ದಳೆಂಬುದು ಅಕ್ಕನಿಗೆ ಗೊತ್ತಿತ್ತು. ಕೊಟ್ಟುಬಿಡುತ್ತಾಳೆ ಎಂದೇ ಎಣಿಸಿದಳಂತೆ.

"ಕೊಡಲ್ಲ," ಎಂದಳು ತಂಗಿ. "ಕಣ್ಣು ಕಟ್ಕೊಂಡು ನೆತ್ತಿಗೆ ಬಂದು ನಾನೇನು ಮಾಡ್ಲಿ? ಇಳೀತೀನಿ. ಪಾತ್ರೆ ಸಮೇತ."

"ಪಾತ್ರೆ ಯಾಕೆ?"

"ಕೊನೆಯವರು ಹೊರಬೇಕು ಅಂದೋರು ನೀವೇ. ನಿಮ್ಮ ಲೆಕ್ಕದಲ್ಲಿ ನಾನು ಎಲ್ಲಿದ್ರೂ ಕೊನೆಯವಳೇ."

ಮೇಷ್ಟ್ರು ಪಾತ್ರೆಯತ್ತ ಕೈ ಚಾಚಿದರು.

"ಕಿತ್ಕೊಳ್ಳಿ ನೋಡೋಣ," ಎಂದಳು ಅಕ್ಕ. "ಹೇಳಿದ ಮಾತಿಗೆ ತಪ್ಪಬಾರ್ದು ಅಂತ ಮದುವೆಯಾದಾಗಿಂದ ನನ್ನ ತಲೆ ತಿಂದಿದ್ದೀರಿ."

ಚಾಚಿದ ಕೈ ಅಲ್ಲೇ ನಿಂತಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೇಕರಿಯವನು ಬಂಡೆಗೆ ಒರಗಿ ಕುಳಿತೇಬಿಟ್ಟ.

"ಮೇಷ್ಟ್ರೇ, ಅವರು ಇಳಿದ್ರೆ ನಾನೂ ಇಳಿದೆ. ನನ್ನ ಹೊಟ್ಟೆ ಸೀಟಿ ಮಾತು ಕೇಳಲ್ಲ."

ಅಕ್ಕನೂ ಕುಳಿತಳು. ಮುಖಂಡನಿಗೆ ಆಗ ಉಳಿದದ್ದು ಸೀಟಿಯೊಂದೇ. ಯಾರ ಮುಖವನ್ನೂ ನೋಡದೆ, "ಒಲೆ ಹಚ್ಚಿ. ನಾಳೆ ಎಲ್ಲರೂ ಹೋಗೋಣ," ಎಂದರು.

"ಕನ್ನಡಿ?" ಎಂದಳು ಆಕೆ.

"ಇಟ್ಕೋ."

ಅಡುಗೆಯಾಗಿ ಉಂಡದ್ದು ಆ ತಿರುವಿನಲ್ಲೇ.

ಮರುದಿನ ನೆತ್ತಿಯಲ್ಲಿ ನಿಂತರೆ ಅಂಗಿ ಹರಿಯುವಂಥ ಗಾಳಿಯಿತ್ತು. ಕಿತ್ತಳೆ ಬಣ್ಣದ ಕಲ್ಲುಹೂವು ಬಂಡೆಯ ಮಗ್ಗುಲಿಗೆ ಕೆಂಡ ಚೆಲ್ಲಿದಂತೆ ಹರಡಿತ್ತು. ಆಕೆ ಕನ್ನಡಿ ಹಿಡಿದು ಅದರೆದುರು ಮಲಗಿದಳು. ಪಾಠಗಳು ಭಿನ್ನವಾಗುವುದು ಇಲ್ಲಿ. ಮೇಷ್ಟ್ರು ಕೊಂಚ ಹೊತ್ತು ಸುತ್ತಾಡಿ, ಕೊನೆಗೆ ತಾವೂ ಮಂಡಿಯೂರಿ "ಏನು ಕಾಣುತ್ತೆ?" ಎಂದು ಕೇಳಿದರೆಂದು ಅಕ್ಕ ಹೇಳುತ್ತಾಳೆ. ಹೆಂಡತಿಯಾದವಳು ಗಂಡನ ಮಾನ ಕಾಯಲು ಕಟ್ಟಿದ ಮಾತದು, ಆತ ದೂರದಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ಎನ್ನುತ್ತಾನೆ ಬೇಕರಿಯವನು. ಇಳಿಯುವ ಹೊತ್ತಾಯಿತೆಂದು ಮೇಷ್ಟ್ರು ಸೀಟಿಯನ್ನಂತೂ ಊದಿದರು. ಅದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಆಕೆ ಏಳಲಿಲ್ಲ ಎಂಬುದರಲ್ಲಿಯೂ ಇಲ್ಲ.